ಬಾಗಪ್ಪ ಕಲಿತ ಹದ

ವಿಶ್ವವಿದ್ಯಾಲಯದ ಕಾಗದಪತ್ರಗಳಲ್ಲಿ ನನ್ನ ಯಂತ್ರದ ತೋಳಿಗೆ ಉದ್ದನೆಯ ಹೆಸರಿದೆ. ಅದನ್ನು ಒಂದೇ ಉಸಿರಿನಲ್ಲಿ ಹೇಳಲು ನನಗೂ ಬರುವುದಿಲ್ಲ. ಮಸಗುಪ್ಪಿಯ ಬೆಲ್ಲದ ಗಾಣದಲ್ಲಿ ಮಾತ್ರ ಅದು ಬಾಗಪ್ಪ. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ನಿಮಿಷಕ್ಕೊಮ್ಮೆ ಬಾಗಿ, ಪಾಕದಲ್ಲಿ ಮೂಗು ಅದ್ದಿ ಮೇಲೇಳುವ ಅದನ್ನು ನೋಡಿ ಯಮನವ್ವ ಮೊದಲ ದಿನವೇ ನಾಮಕರಣ ಮುಗಿಸಿಬಿಟ್ಟಿದ್ದರು.

"ನಮ್ಮ ಮನಿ ಗಂಡಸರಕಿಂತ ಇದಕ್ಕ ವಿನಯ ಹೆಚ್ಚೈತಿ ನೋಡವಾ" ಎಂದಿದ್ದರು. ಎರಡು ವರ್ಷ ನಿದ್ದೆಗೆಟ್ಟು ಕಟ್ಟಿದ ಯಂತ್ರಕ್ಕೆ ಹೀಗೆ ಹೆಸರಿಟ್ಟರಲ್ಲ ಎಂದು ನನ್ನ ಮುಖ ಗಂಟಾಗಿತ್ತು. ಆಮೇಲೆ ನಾನೂ ಹಾಗೇ ಕರೆಯತೊಡಗಿದೆ.

ನಾನು ಶ್ರದ್ಧಾ, ಯಮಕನಮರಡಿಯವಳು. ಗೋಕಾಕದ ಕಾಲೇಜೊಂದರಲ್ಲಿ ಮುಂಜಾನೆ ಹುಡುಗರಿಗೆ ಪ್ರಯೋಗಶಾಲೆಯ ಪಾಠ ಹೇಳಿ, ಮಧ್ಯಾಹ್ನದ ಮೇಲೆ ನನ್ನ ಸಂಶೋಧನೆ ಮಾಡುತ್ತೇನೆ. ವಿಷಯ ಒಂದೇ ಮಾತಿನದು: ಬೆಲ್ಲದ ಪಾಕ ಹದಕ್ಕೆ ಬಂದ ಗಳಿಗೆಯನ್ನು ಯಂತ್ರ ಗುರುತಿಸಬೇಕು. ಮುಂಚೆ ಇಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ, ತಡವಾದರೆ ಕರಕಲು. ಆ ಗಳಿಗೆ ಗೊತ್ತಿದ್ದವರು ಆ ಗಾಣದಲ್ಲಿ ಒಬ್ಬರೇ, ಯಮನವ್ವನ ಗಂಡ ಕರೆಪ್ಪ ಕಾಕಾ. ವಯಸ್ಸು ಅರವತ್ತೆರಡು. ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳು. ಅವರ ಕೈಯಲ್ಲಿದ್ದ ವಿದ್ಯೆಯನ್ನು ಬಾಗಪ್ಪನಿಗೆ ಕಲಿಸಬೇಕೆಂಬುದು ನನ್ನ ಹಟ.

ಫೆಬ್ರವರಿಯ ಆ ಶನಿವಾರ ನಮ್ಮ ಕಾಲೇಜಿನಲ್ಲಿ ಸಂಶೋಧನಾ ಉಪನ್ಯಾಸಗಳಿದ್ದವು. ರೋಬೊಟಿಕ್ಸ್ ಮತ್ತು ಕಂಪ್ಯೂಟರ್ ವಿಭಾಗದವರು ತಮ್ಮ ಕೆಲಸವನ್ನು ವಿಶ್ವವಿದ್ಯಾಲಯದಿಂದ ಬಂದ ಸಮಿತಿಯ ಮುಂದೆ ಇಡಬೇಕು. ನನ್ನ ಮಟ್ಟಿಗೆ ಅದು ಬರೀ ಉಪನ್ಯಾಸವಲ್ಲ. ಸಮಿತಿಗೆ ಒಪ್ಪಿಗೆಯಾಗದಿದ್ದರೆ ತೋಳನ್ನು ಬಿಚ್ಚಿ ಇನ್ನೊಂದು ಪ್ರಯೋಗಶಾಲೆಗೆ ಕಳಿಸುತ್ತೇವೆ ಎಂದು ಪತ್ರವೇ ಬಂದಿತ್ತು. ಮೂರನೆಯ ವರ್ಷದಲ್ಲಿ ನಾನು ಹೊಸ ವಿಷಯ ಹುಡುಕಿಕೊಂಡು ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

ಆದರೆ ನನಗೆ ಭಯವಿರಲಿಲ್ಲ. ಸೊಕ್ಕಿತ್ತು ಎಂದೇ ಹೇಳಬೇಕು. ನವೆಂಬರಿನಿಂದ ಶುರುಮಾಡಿ ಎಪ್ಪತ್ತೆರಡು ಸಂಜೆ ನಾನು ಮಸಗುಪ್ಪಿಗೆ ಹೋಗಿದ್ದೆ. ಗಾಣದಲ್ಲಿ ದಿನಕ್ಕೆ ಮೂರು ಕೊಪ್ಪರಿಗೆ ಇಳಿಯುತ್ತಿದ್ದವು. ಮುಂಜಾನೆ ಪಾಠವಿದ್ದುದರಿಂದ ನನಗೆ ಸಿಗುತ್ತಿದ್ದದ್ದು ಸಂಜೆಯದೊಂದೇ. ಬಾಗಪ್ಪ ಪಾಕದ ಉಷ್ಣತೆ, ಬಣ್ಣ, ಅಂಟು, ಗುಳ್ಳೆಗಳ ಗಾತ್ರ ಎಲ್ಲ ಅಳೆಯುತ್ತಿದ್ದ. ನಾನು ದಿನಾಂಕ, ಗಂಟೆಯನ್ನೂ ಸೇರಿಸಿ ಉಣಿಸುತ್ತಿದ್ದೆ. ಕರೆಪ್ಪ ಕಾಕಾ ಪಾಕ ದಿಟ್ಟಿಸಿ "ಬಂತು ನೋಡು ತಂಗಿ" ಎಂದ ಕೂಡಲೇ ನಾನು ಗುಂಡಿ ಒತ್ತುವುದು, ಅಲ್ಲಿಗೆ ಆ ದಿನದ ದಾಖಲೆ ಮುಗಿಯುವುದು. ಕಾಕಾ ಒಂದು ಸೌಟು ಪಾಕ ತೆಗೆದು ಕಬ್ಬಿನ ಎಲೆಯ ಮೇಲೆ ಹಾಕಿಕೊಡುತ್ತಿದ್ದರು. ಯಮನವ್ವ ಹುರಿದ ಶೇಂಗಾ ಕೊಡುತ್ತಿದ್ದರು. ಹೊರಸಿನ ಮೇಲೆ ಕುಳಿತು ತಿನ್ನುವಷ್ಟರಲ್ಲಿ ಯಮಕನಮರಡಿಯಿಂದ ಆಯಿಯ, ನಮ್ಮ ಅಜ್ಜಿಯ, ಫೋನು.

"ಹೊತ್ತು ಮುಳಗಾಕತ್ತೈತಿ, ಹೊಟ್ಟಿಗೇನರ ಹಾಕೊಂಡಿಯೇನು?"

"ಬೆಲ್ಲ ತಿನ್ನಾಕತ್ತೇನಿ ಆಯಿ."

ನಾವು ಜೈನರು. ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಊರು ಬಿಟ್ಟು ಬಂದಮೇಲೆ ನಾನು ಅನೇಕ ವಿಷಯಗಳಲ್ಲಿ ಸಡಿಲಾಗಿದ್ದೇನೆ, ಇದೊಂದರಲ್ಲಿ ಆಗಿಲ್ಲ. ತಿಂದು ಕೈ ತೊಳೆದು ಓಡಿದರೆ ಗೋಕಾಕದ ಕೊನೆಯ ಬಸ್ಸು. ಕೊಪ್ಪರಿಗೆ ಇಳಿಸುವುದನ್ನು ನೋಡಲು ನಿಂತರೆ ಅದು ತಪ್ಪುತ್ತಿತ್ತು. ಹೀಗೆ ಕೂಡಿಸಿದ ಎಪ್ಪತ್ತೆರಡು ದಾಖಲೆಗಳಲ್ಲಿ ಮೊದಲ ದಿನದ್ದೊಂದು ಉಳಿದವುಗಳಿಗೆ ಸ್ವಲ್ಪವೂ ಹೊಂದುತ್ತಿರಲಿಲ್ಲ. ಅದನ್ನು ಅಳತೆಯ ತಪ್ಪೆಂದು ಬರೆದು ಕೈಬಿಟ್ಟೆ. ಉಳಿದ ಎಪ್ಪತ್ತೊಂದರಿಂದ ಬಾಗಪ್ಪ ಕಲಿತದ್ದು ನೂರಕ್ಕೆ ತೊಂಬತ್ತನಾಲ್ಕರಷ್ಟು ಸರಿ ಎಂದು ಲೆಕ್ಕ ಹೇಳುತ್ತಿತ್ತು. ಅದನ್ನು ನೋಡಿದ ದಿನ ನಾನು ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕುಣಿದಿದ್ದೆ.

ಉಪನ್ಯಾಸಕ್ಕೆ ಎರಡು ದಿನ ಮುಂಚೆ, ಗುರುವಾರ, ಗಾಣದ ಮಾಲೀಕ ಮಾಲಿಂಗಪ್ಪನವರು ಸಂಜೆಯ ಇಡೀ ಕೊಪ್ಪರಿಗೆಯನ್ನು ಬಾಗಪ್ಪನ ಮಾತಿಗೆ ಬಿಟ್ಟುಕೊಟ್ಟರು. ರಾತ್ರಿ ತಾವೇ ಜೀಪಿನಲ್ಲಿ ಗೋಕಾಕಕ್ಕೆ ಬಿಡುವುದಾಗಿಯೂ ಹೇಳಿದರು. ನಾನು ಎಲ್ಲರಿಗೂ ತಾಕೀತು ಮಾಡಿದೆ: ಯಂತ್ರ ಹೇಳಿದಾಗ ಇಳಿಸಬೇಕು, ಯಾರೂ ಬಾಯಿ ಹಾಕಬಾರದು.

ಆರು ಗಂಟೆ ಹದಿನೇಳು ನಿಮಿಷಕ್ಕೆ ಬಾಗಪ್ಪ ಗಂಟೆ ಬಾರಿಸಿದ. ಆಳುಗಳು ಕರೆಪ್ಪ ಕಾಕಾನ ಮುಖ ನೋಡಿದರು. ಕಾಕಾ ನನ್ನ ಮುಖ ನೋಡಿದರು. ನಾನು "ಇಳಸ್ರಿ" ಎಂದೆ. ಪಾಕವನ್ನು ಅಗಲವಾದ ತೊಟ್ಟಿಗೆ ಸುರಿದರು. ಕಾಕಾ ಎಂದಿನಂತೆ ಎಲೆಯ ಮೇಲೆ ನನಗೆ ಕೊಟ್ಟರು, ಆಯಿಯ ಫೋನೂ ಬಂತು. ಎಲ್ಲ ಸರಿಯಾಗಿಯೇ ನಡೆದಿತ್ತು, ಬೆಲ್ಲ ಮಾತ್ರ ಗಟ್ಟಿಯಾಗಲಿಲ್ಲ. ಅರ್ಧ ಗಂಟೆ ಕಳೆಯಿತು. ಒಂದು ಗಂಟೆ ಕಳೆಯಿತು. ಮಾಲಿಂಗಪ್ಪನವರು ಬೆರಳಿಟ್ಟು ನೋಡಿದರು, ಬೆರಳು ಒಳಗೆ ಹೋಯಿತು.

"ಪೆಂಟಿ ಕಟ್ಟಾಕ ಬರೂದಿಲ್ಲ ಇದು, ಮುದ್ದಿ ನಿಲ್ಲೂದಿಲ್ಲ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಕಾಕಾ, ಹದ ಬಂದಿರಲಿಲ್ಲೇನ್ರಿ?" ಎಂದು ಕೇಳಿದೆ.

ಕರೆಪ್ಪ ಕಾಕಾ ಒಲೆಯ ಕಡೆ ನೋಡುತ್ತ, "ನೀ ಬಾಯಿ ಹಾಕಬ್ಯಾಡ್ರಿ ಅಂದಿದ್ದಿಯಲ್ಲ ತಂಗಿ" ಎಂದರು. ಅಲ್ಲಿಂದ ಗೋಕಾಕದವರೆಗೆ ಜೀಪಿನಲ್ಲಿ ನಾನು ಹೊರಗೆ ನೋಡುತ್ತ ಕುಳಿತೆ. ಅಳು ಬರುತ್ತಿತ್ತು, ಮಾಲಿಂಗಪ್ಪನವರ ಮುಂದೆ ಅಳಲು ನಾಚಿಕೆ.

ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಎದ್ದು ಎಪ್ಪತ್ತೊಂದು ದಾಖಲೆಗಳನ್ನೂ ಹರವಿಕೊಂಡು ಕುಳಿತೆ. ಕಾಕಾ 'ಬಂತು' ಎಂದ ಗಂಟೆಗಳನ್ನು ದಿನಾಂಕದ ಸಾಲಿನಲ್ಲಿ ಚುಕ್ಕೆ ಇಟ್ಟು ನೋಡಿದರೆ ಅದೊಂದು ಸೊಗಸಾದ ಗೆರೆ. ನವೆಂಬರಿನಲ್ಲಿ ಐದೂಮುಕ್ಕಾಲು, ಜನವರಿಯಲ್ಲಿ ಆರು ದಾಟಿ, ಫೆಬ್ರವರಿಯಲ್ಲಿ ಆರೂಕಾಲು. ಈ ಗೆರೆ ನನಗೆ ಹೊಸದಲ್ಲ. ಕಬ್ಬು ಬಲಿತಷ್ಟೂ ಪಾಕ ತಡವಾಗಿ ಹದಕ್ಕೆ ಬರುತ್ತದೆ ಎಂದು ಅದರ ಮೇಲೆ ಒಂದು ಪುಟ ಸಿದ್ಧಾಂತವನ್ನೇ ಬರೆದಿದ್ದೆ. ಆದರೆ ಒಲೆ ಹೊತ್ತಿಸುವುದು ಒಂದು ದಿನ ಮೂರಕ್ಕೆ, ಒಂದು ದಿನ ಮೂರೂವರೆಗೆ. ಕಬ್ಬಿಗೆ ಗಡಿಯಾರ ನೋಡಲು ಯಾರು ಕಲಿಸಿದರು?

ಕತ್ತೆತ್ತಿದೆ. ಎದುರಿಗಿನ ಗೋಡೆಯ ಮೇಲೆ ಆಯಿ ತಂದು ತೂಗುಹಾಕಿದ ಜೈನ ಪಂಚಾಂಗ. ಅದರಲ್ಲಿ ದಿನದಿನದ ಸೂರ್ಯಾಸ್ತದ ವೇಳೆ ಅಚ್ಚಾಗಿರುತ್ತದೆ. ಎದ್ದು ಹೋಗಿ ಒಂದೊಂದೇ ದಿನ ಹೊಂದಿಸಿ ನೋಡಿದೆ. ಎಪ್ಪತ್ತೊಂದು ಚುಕ್ಕೆಗಳೂ ಸೂರ್ಯಾಸ್ತಕ್ಕೆ ಹತ್ತರಿಂದ ಹದಿನೈದು ನಿಮಿಷ ಮುಂಚೆ ಬಿದ್ದಿದ್ದವು, ಒಂದೂ ಬಿಡದೆ.

ಆಗ ಮೊದಲ ದಿನ ನೆನಪಾಯಿತು. ಅಂದು ವೈರು ಜೋಡಿಸುವುದರಲ್ಲೇ ತಡವಾಗಿ, ಕಾಕಾ ಬೆಲ್ಲ ತಂದುಕೊಟ್ಟಾಗ ಆಗಲೇ ಸೂರ್ಯ ಮುಳುಗಿದ್ದ. ಹೊತ್ತು ಮುಳುಗಿದ ಮೇಲೆ ನಾನು ತಿನ್ನುವುದಿಲ್ಲ ಎಂದಿದ್ದೆ. ಅವರು ಎಲೆ ಹಿಡಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿದ್ದು ಈಗ ಕಣ್ಣಿಗೆ ಕಟ್ಟಿತು.

ರಜೆ ಹಾಕಿ ಮೊದಲ ಬಸ್ಸಿಗೆ ಮಸಗುಪ್ಪಿಗೆ ಹೋದೆ. ಕಾಕಾ ಮುಂಜಾನೆಯ ಕೊಪ್ಪರಿಗೆಗೆ ಬೆಂಕಿ ಹಾಕುತ್ತಿದ್ದರು. ಸುತ್ತಿ ಬಳಸಿ ಕೇಳುವಷ್ಟು ತಾಳ್ಮೆ ನನಗಿಲ್ಲ.

"ಕಾಕಾ, ಖರೆ ಹೇಳ್ರಿ. ದಿನಾ ಸಂಜಿಗೆ ನೀವು ಬಂತು ಅಂದಾಗ ಪಾಕ ಬಂದಿರತಿತ್ತೋ ಇಲ್ಲೋ?"

ಕಾಕಾ ಕೈಯಲ್ಲಿದ್ದ ಕಬ್ಬಿನ ಒಣ ಸಿಪ್ಪೆಯನ್ನು ಒಲೆಗೆ ನೂಕಿ, ಕೈ ಕೊಡವಿಕೊಂಡರು. "ಇನ್ನ ಹತ್ತು ಹದಿನೈದು ಮಿನೀಟ ಬೇಕಾಗತಿತ್ತು" ಎಂದರು. "ಗಾಣಕ್ಕ ಬಂದವರು ಬರೇ ಬಾಯಿಲೆ ಹೋಗಬಾರ್ದು. ನಮ್ಮಪ್ಪ ಹಂಗ ನಡಸಿಕೊಂಡು ಬಂದಾನು, ನಾನೂ ಹಂಗ. ನೀನೋ ಹೊತ್ತು ಮುಳಗಿದರ ತಿನ್ನೂದಿಲ್ಲ. ಅದಕ ನಿನ್ನ ಪಾಲಿಂದು ಒಂದೀಟು ಮುಂಚೆ ತಗೀತಿದ್ನಿ. ಎಳೀ ಪಾಕ ತಿನ್ನಾಕ ಚಲೋ. ನೀ ಹೋದ ಮ್ಯಾಲೆ ಉಳಿದದ್ದನ್ನ ಕುದಿಸಿ ಸರಿಯಾಗೇ ಇಳಸ್ತಿದ್ನಿ."

"ನಾ ಗುಂಡಿ ಒತ್ತತಿದ್ದೆ, ಅದನ್ನ ನೋಡಿ ಯಂತ್ರ ಕಲೀತಿತ್ತು ಕಾಕಾ."

"ಅದು ಪಾಕ ನೋಡಿ ಕಲಿಯಾಕತ್ತೈತಿ ಅಂತ ನಾ ತಿಳದಿದ್ನಿ. ನನ್ನ ಬಾಯಿ ನೋಡಿ ಕಲಿತೈತಿ ಅಂತ ಯಾರಿಗೆ ಗೊತ್ತು?"

ನೆತ್ತಿಗೇರಿದ್ದ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು. ಯಾರ ಮೇಲೆ ಸಿಟ್ಟು ಮಾಡುವುದು? ಯಂತ್ರ ಏನನ್ನು ನೋಡಿ ಕಲಿಯುತ್ತದೆ ಎಂದು ನಾನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ. ಎಪ್ಪತ್ತೆರಡು ಸಂಜೆ ಬಂದವಳು ಒಂದು ಸಂಜೆಯೂ ಕೊಪ್ಪರಿಗೆ ಇಳಿಯುವವರೆಗೆ ನಿಂತಿರಲಿಲ್ಲ.

ಅಷ್ಟರಲ್ಲಿ ನನ್ನ ಮಾರ್ಗದರ್ಶಕರಾದ ಗುರುರಾಜ ಸರ್ ಫೋನು ಮಾಡಿದರು. ಎಲ್ಲ ಹೇಳಿದೆ. "ನೋಡು ಶ್ರದ್ಧಾ, ತೊಂಬತ್ತನಾಲ್ಕು ಅನ್ನೋದು ಸುಳ್ಳಲ್ಲ. ನಿನ್ನ ದಾಖಲೆ ಪ್ರಕಾರ ಅದು ಖರೆನ. ನಾಳೆ ಅದನ್ನಷ್ಟ ತೋರಸು, ತೋಳು ಉಳೀತೈತಿ. ತಪ್ಪು ಆಮ್ಯಾಲೆ ತಿದ್ದಕೋಬಹುದು" ಎಂದರು. ಅವರು ಕೆಟ್ಟವರಲ್ಲ, ನನ್ನ ಮೇಲಿನ ಅಕ್ಕರೆಯಿಂದಲೇ ಹಾಗೆಂದರು. ನಾನೂ ಒಂದು ಗಳಿಗೆ ಆಸೆಪಟ್ಟೆ. ಆದರೆ ಪಕ್ಕದ ತೊಟ್ಟಿಯಲ್ಲಿ ನಿನ್ನೆಯ ಬೆಲ್ಲ ಇನ್ನೂ ಮೆತ್ತಗೇ ಬಿದ್ದಿತ್ತು. ಅದನ್ನು ನೋಡುತ್ತ ಲೆಕ್ಕ ಸರಿಯಾಗಿದೆ ಎನ್ನಲು ನನ್ನಿಂದ ಆಗಲಿಲ್ಲ.

"ಇದ್ದದ್ದು ಇದ್ದಂಗ ಹೇಳತೇನ್ರಿ ಸರ್" ಎಂದೆ.

ಅಂದು ಮೂರು ಕೊಪ್ಪರಿಗೆಗಳನ್ನೂ ಇಳಿಯುವವರೆಗೆ ನಿಂತು ದಾಖಲಿಸಿದೆ. ಗೋಡೆಗೆ ಆನಿಸಿಟ್ಟ ಹಿತ್ತಾಳೆಯ ತಟ್ಟೆಯನ್ನು ಊಟದ್ದೆಂದು ನಾಲ್ಕು ತಿಂಗಳು ಅಂದುಕೊಂಡಿದ್ದೆ. ಕಾಕಾ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ಆ ತಟ್ಟೆಗೆ ಎಸೆದು ಕಿವಿಗೊಟ್ಟರು. ಮೊದಲು ತಪ್ ಎಂದಿತು. ಐದು ನಿಮಿಷದ ಮೇಲೆ ಕಲ್ಲು ಬಿದ್ದ ಹಾಗೆ ಟಣ್ ಎಂದಿತು. ಆಗಲೇ ಇಳಿಸಿದರು. ಮೂರು ಸಲವೂ ಪಾಕದ ಉಷ್ಣತೆ ನಾನು ಕೈಬಿಟ್ಟಿದ್ದ ಮೊದಲ ದಿನದ ಅಂಕಿಗೆ ಹತ್ತಿರವೇ ಇತ್ತು. ನನ್ನ ಬಳಿ ಇದ್ದ ಒಂದೇ ಒಂದು ಸರಿಯಾದ ದಾಖಲೆಯನ್ನು ತಪ್ಪೆಂದು ಎಸೆದಿದ್ದೆ.

ಮೂರನೆಯದು ಇಳಿದಾಗ ಸೂರ್ಯ ಮುಳುಗಿದ್ದ. ಬೆಲ್ಲ ತಿನ್ನದೆ ಮಾಲಿಂಗಪ್ಪನವರ ಜೀಪಿನಲ್ಲಿ ಹೊರಟೆ. ಕಾಕಾ ಸೌಟು ಹಿಡಿದು ನಿಂತೇ ಇದ್ದರು.

"ನಾಳೆ ನಾನೂ ಬರತೇನಿ. ತಪ್ಪು ನಂದು, ನಾನ ಹೇಳತೇನಿ" ಎಂದರು. ಬೇಡವೆಂದೆ, ಕೇಳಲಿಲ್ಲ.

ಶನಿವಾರ ನನ್ನ ಉಪನ್ಯಾಸ ನಾಲ್ಕು ಗಂಟೆಗೆ. ದೀಪ ಬೆಳಗುವುದು, ಹಾರ ಹಾಕುವುದು, ಹಾರ ಹಾಕಿದವರಿಗೆ ಧನ್ಯವಾದ ಹೇಳುವುದು ಎಲ್ಲ ಮುಗಿದು ನನ್ನ ಸರದಿ ಬಂದಾಗ ಐದೂವರೆ. ಸಮಿತಿಯ ಅಧ್ಯಕ್ಷೆ ದಾಕ್ಷಾಯಿಣಿ ಮೇಡಂ ಮುಂದಿನ ಸಾಲಿನ ನಡುವೆ ಕುಳಿತಿದ್ದರು. ನಕ್ಕರೆ ಅಂಕ ಕಡಿಮೆಯಾದೀತು ಎನ್ನುವ ಮುಖ. ಕೊನೆಯ ಸಾಲಿನಲ್ಲಿ ಮಡಿ ಧೋತರ, ಬಿಳಿ ಟೋಪಿ ಹಾಕಿಕೊಂಡ ಕರೆಪ್ಪ ಕಾಕಾ, ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬಿ.

ಇಂಗ್ಲಿಷಿನಲ್ಲಿ ತಯಾರಿ ಮಾಡಿದ್ದ ಮಾತನ್ನು ಕನ್ನಡದಲ್ಲಿ ಆಡಿದೆ. ತೋಳು ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿದೆ. ತೊಂಬತ್ತನಾಲ್ಕು ಎಂಬ ಅಂಕಿ ತೋರಿಸಿದೆ. ಆಮೇಲೆ ಗುರುವಾರದ ಮೆತ್ತನೆಯ ಬೆಲ್ಲದ ಫೋಟೋ ತೋರಿಸಿದೆ. ಕೊನೆಗೆ ಚುಕ್ಕೆಗಳ ಗೆರೆಯನ್ನೂ ಅದರ ಮೇಲೆ ಪಂಚಾಂಗದ ಸೂರ್ಯಾಸ್ತದ ಗೆರೆಯನ್ನೂ ಇಟ್ಟೆ. ಎರಡೂ ಕೈ ಹಿಡಿದುಕೊಂಡು ಹೋಗುತ್ತಿದ್ದವು. ಕಾಕಾ ನನ್ನ ಪಾಲನ್ನು ಮುಂಚೆಯೇ ತೆಗೆಯುತ್ತಿದ್ದ ಕಾರಣವನ್ನೂ ಹೇಳಿದೆ.

"ನನ್ನ ಯಂತ್ರ ಪಾಕದ ಹದ ಕಲಿತಿಲ್ಲ" ಎಂದೆ. "ನಾನು ಎಷ್ಟು ಗಂಟೆಗೆ ತಿನ್ನುತ್ತೇನೆ ಎಂಬುದನ್ನು ಕಲಿತಿದೆ."

ಸಭೆ ನಕ್ಕಿತು. ದಾಕ್ಷಾಯಿಣಿ ಮೇಡಂ ನಗಲಿಲ್ಲ. ಒಂದಾದ ಮೇಲೊಂದು ಪ್ರಶ್ನೆ ಹಾಕಿದರು. ಅರ್ಧ ಗಂಟೆ ನನ್ನನ್ನು ನಿಲ್ಲಿಸಿಯೇ ಜಾಡಿಸಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ಗೆರೆ ಹೊಂದಿದ ಮಾತ್ರಕ್ಕ ಒಂದು ಇನ್ನೊಂದಕ್ಕ ಕಾರಣ ಅಂತ ಆಗೂದಿಲ್ಲ. ಅದು ನಿಮಗ ಗೊತ್ತೈತಿ. ಒಬ್ಬ ಅನುಭವಸ್ಥ ಮನುಷ್ಯ, ನೀವು ಒಂದು ತುತ್ತು ಬೆಲ್ಲ ತಿನ್ನಲಿ ಅಂತ ನಾಲ್ಕು ತಿಂಗಳು ಹದ ತಪ್ಪಿಸಿ ಹೇಳಿದ ಅಂದರ ನಾ ಹೆಂಗ ನಂಬಲಿ? ಯಂತ್ರ ಸೋತದ್ದಕ್ಕ ನೀವು ಹುಡುಕಿದ ನೆಪ ಇದು ಅಂತ ನನಗ ಅನಸ್ತೈತಿ."

ಬಾಗಪ್ಪನನ್ನು ಬಿಚ್ಚಿ ಪೆಟ್ಟಿಗೆಗೆ ತುಂಬುವುದು ಕಣ್ಣ ಮುಂದೆ ಬಂತು.

ಆಗ ಕೊನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಕರೆಪ್ಪ ಕಾಕಾ ಎದ್ದಿದ್ದರು. ತಪ್ಪು ಒಪ್ಪಿಕೊಳ್ಳಲು ಎದ್ದರು ಎಂದುಕೊಂಡೆ. ಅವರು ನನ್ನನ್ನಾಗಲಿ ಸಮಿತಿಯನ್ನಾಗಲಿ ನೋಡುತ್ತಿರಲಿಲ್ಲ. ಪಶ್ಚಿಮದ ಕಿಟಕಿ ನೋಡುತ್ತಿದ್ದರು. ಡಬ್ಬಿ ಹಿಡಿದುಕೊಂಡು ನಡುವಿನ ದಾರಿಯಲ್ಲಿ ನಡೆದು ಬಂದು ವೇದಿಕೆಯ ಕೆಳಗೆ ನಿಂತರು.

"ಬಾಯಾರ, ತಪ್ಪು ತಿಳೀಬ್ಯಾಡ್ರಿ" ಎಂದರು ಮೇಡಂ ಕಡೆ ತಿರುಗಿ. "ನಿಮ್ಮ ಪ್ರಶ್ನಿ ಆಮ್ಯಾಲೆ ಕೇಳ್ರಿ, ಎಷ್ಟ ಬೇಕಾದರೂ ಕೇಳ್ರಿ. ಹೊತ್ತು ಮುಳಗಾಕ ಹತ್ತು ಮಿನೀಟ ಉಳದೈತಿ. ಈ ಹುಡುಗಿ ಮುಂಜಾನಿಯಿಂದ ಏನೂ ತಿಂದಂಗ ಕಾಣೂದಿಲ್ಲ. ಮೊದಲ ಒಂದೀಟು ಬೆಲ್ಲ ತಿನ್ನಲಿ."

ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಒಳಗೆ ಆ ದಿನ ಮುಂಜಾನೆ ಇಳಿಸಿದ ಗಟ್ಟಿ ಬೆಲ್ಲ, ಪಕ್ಕದಲ್ಲಿ ಯಮನವ್ವ ಹುರಿದ ಶೇಂಗಾ.

ಗುರುರಾಜ ಸರ್ ಗಡಿಯಾರ ನೋಡಿಕೊಂಡರು. ಆರು ಗಂಟೆ ಇಪ್ಪತ್ತೊಂದು ನಿಮಿಷ. ಪರದೆಯ ಮೇಲೆ ಎರಡು ಗೆರೆಗಳು ಇನ್ನೂ ಹಾಗೇ ಇದ್ದವು. ಎಪ್ಪತ್ತೆರಡನೆಯ ಚುಕ್ಕೆ ಎಲ್ಲಿ ಬೀಳುತ್ತದೆ ಎಂದು ಆ ಕೋಣೆಯಲ್ಲಿದ್ದವರಿಗೆಲ್ಲ ಕಂಡಿತು. ದಾಕ್ಷಾಯಿಣಿ ಮೇಡಂ ಪರದೆ ನೋಡಿದರು, ಕಿಟಕಿ ನೋಡಿದರು, ಡಬ್ಬಿ ನೋಡಿದರು. ಆಮೇಲೆ ಕನ್ನಡಕ ಮತ್ತೆ ಹಾಕಿಕೊಂಡರು.

"ಹತ್ತು ನಿಮಿಷ ವಿರಾಮ" ಎಂದರು. "ಶ್ರದ್ಧಾ, ತಿನ್ನವಾ."

ನಾನು ವೇದಿಕೆಯ ಮೆಟ್ಟಿಲ ಮೇಲೆ ಕುಳಿತು ತಿಂದೆ. ಕಣ್ಣಲ್ಲಿ ನೀರು ಬಂತು. ಅಷ್ಟು ಜನರ ಮುಂದೆ ಅಳಲು ಆಗ ನಾಚಿಕೆಯೆನಿಸಲಿಲ್ಲ. ಆಯಿಯ ಫೋನೂ ಬಂತು, ತಿನ್ನಾಕತ್ತೇನಿ ಎಂದಷ್ಟೇ ಹೇಳಿ ಇಟ್ಟೆ. ಡಬ್ಬಿ ಮುಂದಿನ ಸಾಲಿಗೂ ಹೋಯಿತು. ಮೇಡಂ ಒಂದು ಚೂರು ಬಾಯಿಗೆ ಹಾಕಿಕೊಂಡು ಕಟಕ್ಕನೆ ಕಡಿದರು.

ವಿರಾಮದ ನಂತರ ಅವರು ಕೇಳಿದ್ದು ಒಂದೇ ಪ್ರಶ್ನೆ: ಇನ್ನು ಮುಂದೇನು? ಹಿತ್ತಾಳೆ ತಟ್ಟೆಯ ವಿಷಯ ಹೇಳಿದೆ. ಬಾಗಪ್ಪನಿಗೆ ಕಿವಿ ಇಡಬೇಕು, ಮೈಕಿನಿಂದ ಉಂಡೆಯ ಸದ್ದು ಕೇಳಿಸಬೇಕು, ಕೊಪ್ಪರಿಗೆ ಇಳಿಯುವವರೆಗೆ ದಾಖಲೆ ನಿಲ್ಲಬಾರದು ಎಂದೆ. ಅವರು ಬರೆದುಕೊಂಡರು.

"ತೋಳು ಎಲ್ಲಿಗೂ ಹೋಗೂದಿಲ್ಲ. ಮುಂದಿನ ಹಂಗಾಮು ಮುಗಿಯೋ ತನಕ ನಿಮ್ಮ ಕಡೆನ ಇರಲಿ" ಎಂದರು. "ಆದರ ಒಂದು ಷರತ್ತು. ಇನ್ನ ಮ್ಯಾಲೆ ಗಾಣದಾಗ ಏನೂ ತಿನ್ನಬಾರದು. ನೀವು ತಿಂದರ ಅಳತಿ ಕೆಡತೈತಿ."

ನಾನು ತಲೆಯಾಡಿಸಿದೆ. ಕರೆಪ್ಪ ಕಾಕಾ ಆಡಿಸಲಿಲ್ಲ.

"ಅದು ಆಗೂದಿಲ್ರಿ ಬಾಯಾರ" ಎಂದರು. "ಗಾಣಕ್ಕ ಬಂದವರನ್ನ ಬರೇ ಬಾಯಿಲೆ ಕಳಸಾಕ ನನಗ ಬರೂದಿಲ್ಲ. ಹಿಂಗ ಮಾಡೂಣು. ಮುಂಜಾನಿ ಬೆಲ್ಲ ತಗದ ಇಟ್ಟಿರತೇನಿ. ಬಂದ ಕೂಡ್ಲೆ ಮೊದಲ ತಿನ್ನಲಿ, ಆಮ್ಯಾಲೆ ಒಲಿಗೆ ಬೆಂಕಿ ಹಾಕತೇನಿ. ನನಗೂ ಗಡಿಬಿಡಿ ಇರೂದಿಲ್ಲ, ನಿಮ್ಮ ಅಳತಿನೂ ಕೆಡೂದಿಲ್ಲ."

ನನ್ನ ಎರಡು ವರ್ಷದ ಓದಿಗೆ ಇದು ಹೊಳೆದಿರಲಿಲ್ಲ. ಸಮಿತಿಯವರಿಗೂ ಹೊಳೆದಿರಲಿಲ್ಲ.

ಮುಂದಿನ ವಾರ ಹೊಸ ಯೋಜನೆಯನ್ನು ಬರೆದು ಕಳಿಸಿದೆ. ಪ್ರಯೋಗದ ಕ್ರಮ ಎಂಬ ಭಾಗದ ಮೊದಲ ಸಾಲು ಹೀಗಿತ್ತು: ಒಲೆಗೆ ಬೆಂಕಿ ಹಾಕುವ ಮೊದಲು ಸಂಶೋಧಕಿ ಬೆಲ್ಲ ತಿಂದಿರಬೇಕು. ಹತ್ತು ದಿನಕ್ಕೆ ಅದು ತಿದ್ದಿ ವಾಪಸು ಬಂತು. ದಾಕ್ಷಾಯಿಣಿ ಮೇಡಂ ಪುಟಪುಟಕ್ಕೂ ಕೆಂಪು ಶಾಯಿ ಹರಿಸಿದ್ದರು. ಆ ಒಂದು ಸಾಲನ್ನು ಮಾತ್ರ ಮುಟ್ಟಿರಲಿಲ್ಲ.